ಫಿನೀಆಸಿಯ ಎಂಟು ಸಾವಿರದ ಬಾಗಿಲು

ಫಿನೀಆಸಿಯನ್ನು ಮಣ್ಣು ಮಾಡಿದ ದಿನ ಪಾದ್ರಿಗಳು ಅವನ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಒಳ್ಳೆಯ ಗಂಡ, ಒಳ್ಳೆಯ ತಂದೆ, ಟೊಂಗಾದಿಂದ ವಲಸೆ ಬಂದ ನಮ್ಮವರ ಮಾಂಗೆರೆಯ ಚರ್ಚಿನಲ್ಲಿ ಇಪ್ಪತ್ತು ವರ್ಷ ಎರಡನೇ ಸಾಲಿನಲ್ಲಿ ನಿಂತು ಹಾಡಿದವನು, ಹಾಸಿಗೆ ಕಾರ್ಖಾನೆಗೆ ಒಂದು ದಿನವೂ ತಡವಾಗಿ ಹೋಗದವನು. ಎಲ್ಲ ನಿಜವೇ. ಆದರೆ ಅವನು ಬದುಕಿನಲ್ಲಿ ಪಟ್ಟುಹಿಡಿದು ಮಾಡಿದ ಒಂದು ಕೆಲಸದ ಬಗ್ಗೆ ಯಾರೂ ಉಸಿರೆತ್ತಲಿಲ್ಲ. ನನಗೆ ಅಲ್ಲೇ ಎದ್ದು ನಿಂತು, "ಇವನು ರೂಟರಿನಲ್ಲಿ ಒಂದು ಬಾಗಿಲು ತೆರೆದಿದ್ದ, ಅದನ್ನು ಹೇಳಿ ಸ್ವಾಮಿ" ಎನ್ನಬೇಕೆನಿಸಿತ್ತು. ನೆಂಟಳಲ್ಲದವಳು, ಬಾಯಿ ಮುಚ್ಚಿಕೊಂಡು ಕೂತೆ. ನಾಲ್ಕು ವರ್ಷವಾಯಿತು. ಆ ಉರಿ ಇನ್ನೂ ಆರಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೆಂಟಳಲ್ಲ ಎಂಬುದೇ ಆ ಮನೆಯಲ್ಲಿ ನನ್ನ ಯೋಗ್ಯತೆಯಾಗಿತ್ತು. ಗಂಡಸರ ಕಾವಾ ಕೂಟದಲ್ಲಿ ದೊಡ್ಡ ಬಟ್ಟಲಿನ ಹಿಂದೆ ಕೂತು, ಮಂಪರು ತರುವ ಕಾವಾ ಬೇರಿನ ಪುಡಿಯನ್ನು ನೀರಿನಲ್ಲಿ ಕಲಸಿ, ತೆಂಗಿನ ಚಿಪ್ಪಿನಲ್ಲಿ ತುಂಬಿ ಕುಡಿಯಲು ಕೊಡುವ ಹೆಂಗಸು ಅಲ್ಲಿರುವ ಯಾರಿಗೂ ಅಕ್ಕನೋ ತಂಗಿಯೋ ಆಗಬಾರದು. ಅಕ್ಕತಂಗಿಯರ ಕಿವಿಗೆ ಬೀಳುವ ಹಾಗೆ ನಮ್ಮ ಟೊಂಗಾದ ಗಂಡಸರು ಪೋಲಿ ಮಾತಾಡುವುದಿಲ್ಲ. ಟೀವಿಯಲ್ಲಿ ಒಂದು ಮುತ್ತಿನ ದೃಶ್ಯ ಬಂದರೂ ಸಾಕು, ಅಣ್ಣತಂಗಿಯರಲ್ಲಿ ಒಬ್ಬರಿಗೆ ತಕ್ಷಣ ಬಾಯಾರಿಕೆಯಾಗಿ ಎದ್ದು ಹೋಗುತ್ತಾರೆ. ನಾನು ಎವುವಾ ದ್ವೀಪದವಳು. ಅವರೆಲ್ಲ ಹಾಪೈ ದ್ವೀಪಗಳ ಕಡೆಯವರು. ಆದ್ದರಿಂದ ಬಟ್ಟಲು ನನ್ನ ಪಾಲಿಗೆ ಬಂತು. ಬಾಯಿತಪ್ಪಿ ಯಾರನ್ನಾದರೂ "ಅಣ್ಣಾ" ಎಂದಿದ್ದರೆ ಅವತ್ತೇ ಎದ್ದು ಹೋಗಬೇಕಾಗುತ್ತಿತ್ತು.

ಫಿನೀಆಸಿಯ ಗ್ಯಾರೇಜಿನಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ನಾಲ್ಕಕ್ಕೆ ಕೂಟ. ಕಾರು ಮಳೆಬಿಸಿಲಲ್ಲಿ ಹೊರಗೆ, ಗಂಡಸರು ಒಳಗೆ ಚಾಪೆಯ ಮೇಲೆ. ಮೊದಲು ಒಂದು ಕೀರ್ತನೆ, ಕೊನೆಗೆ ಒಂದು ಪ್ರಾರ್ಥನೆ, ನಡುವೆ ಹಾಡು, ಹರಟೆ, ಗಿಟಾರು, ಮತ್ತು ಬಸ್ ಓಡಿಸುವ ಮೊಸೆಸೆಯ ಬಾಯಿ. ಮೊಸೆಸೆ ಮಾತಿಗೆ ನಿಂತರೆ ಸತ್ತವರೂ ಎದ್ದು ನಕ್ಕು ಮಲಗಬೇಕು. ಫಿನೀಆಸಿ ಮಾತ್ರ ಮಾತು ಕಡಿಮೆ. ದೊಡ್ಡ ದೇಹ, ಸಣ್ಣ ದನಿ. ಹಾಡಿದರೆ ಮಾತ್ರ ಗ್ಯಾರೇಜಿನ ತಗಡು ಅದುರುತ್ತಿತ್ತು.

ಅವನ ಎದೆಯಲ್ಲಿ ಒಂದು ಮುಳ್ಳಿತ್ತು. ಅವನ ಹೆಂಡತಿ ಕತಲಿನಾ ಒಮ್ಮೆ ಕಾವಾ ಬೇರು ಜಜ್ಜುತ್ತ ಎಲ್ಲವನ್ನೂ ನನಗೆ ಹೇಳಿದ್ದಳು. ಊರಿನಲ್ಲಿ ಅವನ ತಾಯಿ ತೀರಿಕೊಂಡಾಗ ಫಿನೀಆಸಿಯ ಹತ್ತಿರ ಈ ದೇಶದ ಕಾಗದ ಸರಿಯಿರಲಿಲ್ಲ. ಹೋದರೆ ವಾಪಸು ಬರುವಂತಿಲ್ಲ. ಇಲ್ಲಿ ಹೆಂಡತಿ, ಸಣ್ಣ ಮಕ್ಕಳು. ಅದನ್ನು ಅಕ್ಕನಿಗೆ ಹೇಳುವ ಧೈರ್ಯ ಸಾಲದೆ ಫೋನಿನಲ್ಲಿ ಮೂರು ಸಲ "ಬರ್ತೀನಿ, ಬರ್ತೀನಿ" ಎಂದ. ಅಕ್ಕ ಲೋಸಲೀನೆ ಅವನ ಮಾತು ನಂಬಿ, ನೆಂಟರಿಷ್ಟರ ಕೈಯಲ್ಲಿ ಬೈಸಿಕೊಂಡು, ಮಣ್ಣು ಮಾಡುವುದನ್ನು ಒಂದಿಡೀ ದಿನ ಮುಂದಕ್ಕೆ ಹಾಕಿದಳು. ಅವನು ಬರಲಿಲ್ಲ. ಆಮೇಲೆ ಏಳು ವರ್ಷ ಲೋಸಲೀನೆ ಅವನ ಫೋನು ಎತ್ತಲಿಲ್ಲ. ಕಾಗದ ಸಿಕ್ಕ ಮೇಲೂ ಅವನಿಗೆ ಊರಿಗೆ ಹೋಗಲು ಮುಖವಿರಲಿಲ್ಲ. ನಮ್ಮಲ್ಲಿ ಅಕ್ಕ ಎಂದರೆ ತಮ್ಮನಿಗಿಂತ ಎರಡು ಮೆಟ್ಟಿಲು ಮೇಲೆ. ಅಕ್ಕನೇ ಬೆನ್ನು ತಿರುಗಿಸಿದವನು ಎಷ್ಟು ಚೆನ್ನಾಗಿ ಹಾಡಿದರೇನು?

ಎರಡು ಸಾವಿರದ ಒಂಬತ್ತರಲ್ಲಿ ಫಿನೀಆಸಿ ಯಾವುದೋ ಆಫೀಸಿನವರು ಎಸೆದ ಕಂಪ್ಯೂಟರನ್ನು ಹೆಗಲ ಮೇಲೆ ಹೊತ್ತು ತಂದ. ತೊಲೆಗೆ ಒಂದು ಮೈಕ್ ಕಟ್ಟಿದ. "ನಮ್ ಹಾಡು ಊರಿನೋರೂ ಕೇಳ್ಲಿ" ಎಂದ. ಊರಿನವರು ಎಂದರೆ ಯಾರು ಎಂದು ಕತಲಿನಾಗೂ ನನಗೂ ಗೊತ್ತಿತ್ತು. ಫೋನು ಎತ್ತದವಳು ಹೀಗೆ ಕಂಪ್ಯೂಟರಿನಲ್ಲಿ ಬರುವ ರೇಡಿಯೊ ಕೇಳಬಹುದು ಎಂಬುದು ಅವನ ಆಸೆ.

ಈಗ ಬಿಡಿ, ಹುಟ್ಟುಹಬ್ಬದ ಕೇಕು ಕೊಯ್ಯುವುದನ್ನೂ ಮೂರು ದೇಶದವರು ಫೋನಿನಲ್ಲೇ ನೋಡುತ್ತಾರೆ, ನೋಡಿ ಮರೆಯುತ್ತಾರೆ. ಆಗ ಹಾಗಿರಲಿಲ್ಲ. ಹಾಡು ಕಂಪ್ಯೂಟರಿನವರೆಗೆ ಹೋಗುತ್ತಿತ್ತು, ಕಂಪ್ಯೂಟರ್ ಇಂಟರ್ನೆಟ್ಟಿಗೆ ಕೊಡಲು ತಯಾರಿತ್ತು, ನಡುವೆ ಮೂರು ಹಸಿರು ದೀಪ ಮಿಟುಕಿಸುತ್ತ ರೂಟರ್ ಅಡ್ಡ ಕೂತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಹಾಗೆ.

"ಈ ಡಬ್ಬಿ ಬಾಗಿಲಲ್ಲಿ ಕೂತ ಅತ್ತೆ ಇದ್ದಂಗೆ," ಫಿನೀಆಸಿ ಗಂಡಸರಿಗೆ ವಿವರಿಸಿದ. "ಒಳಗಿನೋರು ಕೂಗಿ ಕರೆದ್ರೆ ಮಾತ್ರ ಹೊರಗಿನೋರ್ನ ಬಿಡ್ತಾಳೆ. ತಾವಾಗೇ ಬಂದು ಬಾಗ್ಲು ತಟ್ಟಿದೋರ್ನ ಓಡಿಸ್ತಾಳೆ. ಈಗ ನಾನು ಇವಳಿಗೆ ಬರೆದು ಕೊಡ್ಬೇಕು. ಎಂಟು ಸಾವಿರ ಅಂತ ಹೇಳ್ಕೊಂಡು ಯಾರಾದ್ರೂ ಬಂದ್ರೆ ತಕರಾರು ಮಾಡದೆ ಸೀದಾ ಗ್ಯಾರೇಜಿಗೆ ಕಳ್ಸು ಅಂತ."

"ನಮ್ಮತ್ತೆಗೂ ಅಂಥದೊಂದು ಸೆಟ್ಟಿಂಗ್ ಇದ್ರೆ ನೋಡೋ," ಎಂದ ಮೊಸೆಸೆ.

"ನಿಮ್ಮತ್ತೆ ನಿನ್ನ ಒಳಗೆ ಬಿಟ್ಟಿದ್ದೇ ತಪ್ಪಾಯ್ತು ಅಂತ ಅಳ್ತಿದಾಳೆ. ಚಿಪ್ಪು ಇಸ್ಕೋ," ಎಂದೆ ನಾನು.

ಹೇಳಿದಷ್ಟು ಸುಲಭವಾಗಿರಲಿಲ್ಲ. ಆರು ಶನಿವಾರ ಹೋಯಿತು. ಫಿನೀಆಸಿ ರೂಟರನ್ನು ಬೋರಲು ಹಾಕಿ ತಳದ ಚೀಟಿಯಲ್ಲಿದ್ದ ಪಾಸ್‌ವರ್ಡನ್ನು ಕನ್ನಡಕ ಏರಿಸಿ ಓದುವನು. ಪರದೆಯಲ್ಲಿ ಒಂದು ಖಾನೆ ತುಂಬುವನು, ಅಳಿಸುವನು. ಒಮ್ಮೆ ಎಲ್ಲ ಸರಿಯಾಯಿತು ಎಂದು ಕುಣಿದ. ಮರುವಾರ ನೋಡಿದರೆ ಮತ್ತೆ ಇಲ್ಲ. ಗ್ಯಾರೇಜಿನ ಕಂಪ್ಯೂಟರನ್ನು ಆರಿಸಿ ಹಚ್ಚಿದಾಗ ರೂಟರ್ ಅದಕ್ಕೆ ಹೊಸ ನಂಬರು ಕೊಟ್ಟು, ಹಳೆಯ ನಂಬರನ್ನು ಮಗಳು ಸಿಸಿಲಿಯಾಳ ಲ್ಯಾಪ್‌ಟಾಪಿಗೆ ದಾನ ಮಾಡಿತ್ತು. ಕಾವಾ ಕೂಟಕ್ಕೆ ಬಂದವರೆಲ್ಲ ಹುಡುಗಿಯ ಓದುವ ಕೋಣೆಯ ಬಾಗಿಲು ತಟ್ಟುತ್ತಿದ್ದರು ಎಂದಾಯಿತು. ಕೊನೆಗೆ ಇಪ್ಪತ್ತು ಎಂದು ಮುಗಿಯುವ ಒಂದು ನಂಬರನ್ನು ಗ್ಯಾರೇಜಿನ ಕಂಪ್ಯೂಟರಿಗೇ ಗಟ್ಟಿಯಾಗಿ ಅಂಟಿಸಿದ. ಇಂಟರ್ನೆಟ್ ಕಂಪನಿಗೆ ಫೋನು ಮಾಡಿ ಮಾಡಿ, ಮನೆಗೆ ಹೊರಗಿನಿಂದ ಬರುವವರಿಗಾಗಿ ಬದಲಾಗದ ಒಂದು ನಂಬರನ್ನೂ ಗಿಟ್ಟಿಸಿದ.

ಪರೀಕ್ಷೆಗೆ ಸಿಕ್ಕವಳು ತನ್ನ ಮನೆಯಲ್ಲಿದ್ದ ಮೊಸೆಸೆಯ ಹೆಂಡತಿ. ಫಿನೀಆಸಿ ಅವಳಿಗೆ ಫೋನು ಮಾಡಿ ನಂಬರು ಹೇಳುತ್ತಿದ್ದ. ಇದು ಗೊತ್ತಿಲ್ಲದ ಮೊಸೆಸೆ ಇತ್ತ ಮೈಕಿನ ಕೆಳಗೆ ಅವಳ ಗೊರಕೆಯನ್ನು ತನ್ನ ಬಸ್ಸಿನ ಇಂಜಿನ್ನಿಗೆ ಹೋಲಿಸಿ, ಯಾವ ಗೇರಿನಲ್ಲಿ ಯಾವ ಸ್ವರ ಎಂದು ಮಾಡಿ ತೋರಿಸುತ್ತಿದ್ದ. ಫೋನಿನಿಂದ ಬಂದ ಕಿರುಚಾಟ ಬಟ್ಟಲಿನ ಹತ್ತಿರ ಕೂತ ನನಗೂ ಕೇಳಿಸಿತು.

"ಮೊಸೆಸೇ! ಮನೆಗ್ ಬಾ ನೀನು! ಇವತ್ತು ರಿವರ್ಸ್ ಗೇರ್ ತೋರಿಸ್ತೀನಿ!"

ಬಾಗಿಲು ತೆರೆದಿತ್ತು. ಫಿನೀಆಸಿ ಅಷ್ಟು ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ನಂಬರನ್ನು ಊರಿನ ಚರ್ಚಿಗೆ ಬರೆದು ಕಳಿಸಿದೆವು. ನನ್ನ ಚಿಕ್ಕಮ್ಮನಿಗೆ ನಾನೇ ಕೊಟ್ಟೆ. ಅವಳು ಟೊಂಗಾದ ರಾಜಧಾನಿಯ ಒಂದು ಹೆಣ್ಣುಮಕ್ಕಳ ವಸತಿಶಾಲೆಯಲ್ಲಿ ಅಡುಗೆಯವಳು. ಕಂಪ್ಯೂಟರ್ ಮುಟ್ಟುವವಳಲ್ಲ, ಆದರೂ ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಟ್ಟಳಂತೆ. ಅದೇ ಶಾಲೆಯಲ್ಲಿ ಲೋಸಲೀನೆ ಟೈಪಿಂಗ್ ಟೀಚರು. ಇದು ಗೊತ್ತಿದ್ದೇ ಕೊಟ್ಟೆ. ನಾನೇನು ಪೆದ್ದಿಯಲ್ಲ.

ನಮ್ಮ ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಎಷ್ಟು ಜನ ಕೇಳುತ್ತಿದ್ದಾರೆ ಎಂಬ ಲೆಕ್ಕ ಬರುತ್ತಿತ್ತು. ಮೊದಲ ತಿಂಗಳು ಸೊನ್ನೆ, ಹೆಚ್ಚೆಂದರೆ ಸಿಡ್ನಿಯಿಂದ ಯಾರೋ ಎರಡು ನಿಮಿಷ. ಆಮೇಲೆ ಒಂದು ಶನಿವಾರ, ಕೀರ್ತನೆ ಶುರುವಾಗುವ ಹೊತ್ತಿಗೆ ಸರಿಯಾಗಿ, ಒಂದು. ಪಕ್ಕದ ಅಂಕಿಗಳನ್ನು ನೋಡಿ ಫಿನೀಆಸಿ, "ಟೊಂಗಾದಿಂದ" ಎಂದ. ಆ 'ಒಂದು' ಕೊನೆಯ ಪ್ರಾರ್ಥನೆಯವರೆಗೂ ಅಲ್ಲಾಡಲಿಲ್ಲ. ಮುಂದಿನ ವಾರವೂ ಬಂತು. ಅದರ ಮುಂದಿನ ವಾರವೂ.

ಗಂಡಸರು ಅದಕ್ಕೆ ಒಂಟಿಕಿವಿ ಎಂದು ಹೆಸರಿಟ್ಟರು. ಹೆಂಗಸೇ ಇರಬೇಕು ಎಂದು ಮೊಸೆಸೆ ತೀರ್ಮಾನಿಸಿ, ಪ್ರತಿ ವಾರ ಮೈಕಿನ ಕೆಳಗೆ ಹೋಗಿ ಕೂರತೊಡಗಿದ. "ಒಂಟಿಕಿವಿ ಚೆಲುವೇ, ಇನ್ನೊಂದು ಕಿವಿ ಯಾರಿಗಿಟ್ಟಿದೀಯ? ನಾನು ಬಸ್ ತಗೊಂಡು ಸಮುದ್ರ ದಾಟಿ ಬರ್ಲಾ? ಸೀಟು ಒಂದೇ ಸಾಕು, ನನ್ನ ತೊಡೆ ಖಾಲಿ ಇದೆ." ಇನ್ನೂ ಏನೇನೋ ಅಂದ, ಬರೆಯುವಂಥದ್ದಲ್ಲ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಫಿನೀಆಸಿಯೂ ನಕ್ಕ. ಅಕ್ಕ ಕೇಳುವುದಾದರೆ ತನ್ನೂರಿನ ಗೆಳತಿಯರ ಜೊತೆ ಚರ್ಚಿನಲ್ಲಿ ಕೂತು ಕೇಳುತ್ತಾಳೆ ಎಂದುಕೊಂಡಿದ್ದನೋ ಏನೋ, ಈ ಒಂಟಿ ಆಸಾಮಿ ಅವಳಿರಬಹುದು ಎಂದು ಅವನಿಗೆ ಹೊಳೆದೇ ಇರಲಿಲ್ಲ.

ಅಷ್ಟರಲ್ಲಿ ಚಿಕ್ಕಮ್ಮ ಫೋನು ಮಾಡಿದಳು. "ಕಲೋ, ನಮ್ ಟೈಪಿಂಗ್ ಟೀಚರಮ್ಮಂಗೆ ಏನಾಗಿದ್ಯೇ? ಶನಿವಾರ ಬಂದ್ರೆ ಕಂಪ್ಯೂಟರ್ ರೂಮಿನ ಬೀಗ ತೆಗ್ದು ಒಬ್ಳೇ ಕೂರ್ತಾಳೆ. ಕಿವಿಗೆ ಅದೇನೋ ಹಾಕ್ಕೊಂಡು ಅಳ್ತಾಳೆ. ಒಂದೊಂದ್ಸಲ ಹೊಟ್ಟೆ ಹಿಡ್ಕೊಂಡು ನಗ್ತಾಳೆ. ಹುಡುಗೀರು ಹೆದರಿದಾವೆ."

ಈ ಸುದ್ದಿಯನ್ನು ನಾನು ಕತಲಿನಾಗೆ ಹೇಳಿ ಸುಮ್ಮನಾಗಬೇಕಿತ್ತು. ಸಂತೋಷ ತಡೆಯಲಾಗದೆ, ಶನಿವಾರ ಕೂಟದ ನಡುವೆ, ಎಲ್ಲರೆದುರು ಫಿನೀಆಸಿಗೆ ಹೇಳಿಬಿಟ್ಟೆ. "ಒಂಟಿಕಿವಿ ಯಾರು ಅಂತ ಗೊತ್ತಾಯ್ತು. ನಿಮ್ಮಕ್ಕ!" ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಗಿಟಾರು ನಿಂತಿತು. ಮೊಸೆಸೆಯ ಮುಖ ಬೂದಿಯಾಯಿತು. ಅವನು ಗೆಳೆಯನ ಅಕ್ಕನಿಗೆ, ಗೆಳೆಯನ ಎದುರಿಗೇ, ಎರಡು ತಿಂಗಳು ಅಂಥ ಮಾತಾಡಿದ್ದ. ಗೆಳೆಯ ಕೂತು ನಕ್ಕಿದ್ದ. ಫಿನೀಆಸಿ ಎದ್ದು ಹೋಗಿ ಕಂಪ್ಯೂಟರಿನ ಮುಂದೆ ಕೂತು, ರೂಟರಿನ ಪುಟ ತೆರೆದು, ಆರು ವಾರ ಒದ್ದಾಡಿ ಬರೆದಿದ್ದ ಆ ಒಂದು ಸಾಲನ್ನು ಅಳಿಸಿಹಾಕಿದ. ಪರದೆಯ ಮೂಲೆಯಲ್ಲಿದ್ದ 'ಒಂದು' ಸೊನ್ನೆಯಾಯಿತು.

"ಯಾಕೋ ಹಂಗ್ ಮಾಡ್ದೆ?" ಎಂದೆ.

"ಅಕ್ಕನ ಕಿವಿ ಕಣೇ," ಎಂದ. "ಇಷ್ಟು ದಿನ ಅವಮಾನ ಮಾಡಿದ್ದು ಸಾಲ್ದಾ?"

ಅವನು ಮರ್ಯಾದೆಯಿಂದಲೇ ಮುಚ್ಚಿದ. ನಮ್ಮವನಲ್ಲದೆ ಬೇರೆ ಯಾರೂ ಹಾಗೆ ಮುಚ್ಚುತ್ತಿರಲಿಲ್ಲ. ಆದರೆ ಸಮುದ್ರದಾಚೆ ಕೂತವಳಿಗೆ ಕಾಣುವುದು ಮುಚ್ಚಿದ ಬಾಗಿಲು ಮಾತ್ರ, ಮರ್ಯಾದೆ ಎಲ್ಲಿ ಕಾಣುತ್ತದೆ? ಇದನ್ನು ಅವನಿಗೆ ಹೇಳುವಷ್ಟು ಬುದ್ಧಿ ಅವತ್ತು ನನಗೂ ಇರಲಿಲ್ಲ. ತಪ್ಪು ನನ್ನದು ಎಂಬ ಸಂಕಟದಲ್ಲೇ ಬಟ್ಟಲು ತೊಳೆದು ಮನೆಗೆ ಹೋದೆ.

ಐದು ವಾರ ಮೈಕ್ ಸುಮ್ಮನೆ ತೂಗಿತು. ಮೊಸೆಸೆ ಹವಾಮಾನದ ಬಗ್ಗೆ ಮಾತಾಡತೊಡಗಿದ. ಅದಕ್ಕಿಂತ ಬೇಸರದ ಸಂಗತಿ ಬೇರೆ ಬೇಕೇ? ಮತ್ತೆ ಚಿಕ್ಕಮ್ಮನ ಫೋನು ಬಂತು.

"ಟೀಚರಮ್ಮ ಈಗ್ಲೂ ಬರ್ತಾಳೆ ಕಣೇ. ಸುಮ್ನೆ ಪರದೆ ನೋಡ್ಕೊಂಡು ಕೂರ್ತಾಳೆ. ನಿನ್ನೆ ಅಡುಗೆಮನೆಗೆ ಬಂದು, 'ನಿಮ್ ಹುಡುಗಿ ಆ ಮನೇಲಿ ಕಾವಾ ಕೊಡೋಳಲ್ವಾ? ಅಲ್ಲಿ ಯಾರಿಗಾದ್ರೂ ಹುಷಾರಿಲ್ವಾ?' ಅಂದ್ಲು. ನಾನು, 'ನೀವು ಕೇಳ್ತಿದ್ರಾ ಟೀಚರೇ?' ಅಂದೆ. 'ನಾನ್ಯಾಕೆ ಕೇಳ್ಲಿ? ನಮ್ ಸ್ಕೂಲಿನ ವಾಚ್‌ಮನ್ ತಾತ ಕೇಳ್ತಿದ್ದ. ಅವನಿಗೆ ಬೇಜಾರಾಗಿದೆ' ಅಂದ್ಲು."

"ಆ ತಾತಂಗೆ?"

"ಎರಡೂ ಕಿವಿ ಕೇಳ್ಸಲ್ಲ. ಹನ್ನೆರಡು ವರ್ಷ ಆಯ್ತು."

ಈ ಸಲ ನಾನು ಫಿನೀಆಸಿಯನ್ನು ಅಂಗಳಕ್ಕೆ ಕರೆದು, ಒಬ್ಬನಿಗೇ ಹೇಳಿದೆ. ಅವನು ಕಾರಿಗೆ ಒರಗಿ ನಿಂತು ಕೇಳಿದ. ಕೇಳಿಸಿಕೊಂಡಿಲ್ಲ ಎಂದು ಅಕ್ಕ ಹೇಳಿಕಳಿಸಿದ್ದಾಳೆ. ಅಂದರೆ ಎಲ್ಲವನ್ನೂ ಕೇಳಿದ್ದಾಳೆ, ಮುಂದೆಯೂ ಕೇಳುತ್ತಾಳೆ, ಅವನಿಗೆ ಗೊತ್ತಿಲ್ಲದಿದ್ದರೆ ಸಾಕು. ದೊಡ್ಡ ಗಂಡಸು, ಕಾರಿನ ಚಾವಣಿಯ ಮೇಲೆ ಹಣೆಯಿಟ್ಟು ಅತ್ತ. ನನಗೂ ಅಳು ಬಂತು, ಮುಚ್ಚಿಡುವುದೇನಿದೆ. ಆಮೇಲೆ ಮುಖ ತೊಳೆದುಕೊಂಡು ಹೋಗಿ ಆ ಸಾಲನ್ನು ಮತ್ತೆ ಬರೆದ. ಹತ್ತು ನಿಮಿಷ ಹಿಡಿಯಿತು. ನಾಲ್ಕಕ್ಕೆ ಕೀರ್ತನೆ, ನಾಲ್ಕಕ್ಕೇ ಪರದೆಯ ಮೂಲೆಯಲ್ಲಿ 'ಒಂದು'. ಮೊಸೆಸೆ ತಮಾಷೆಗೆ ಮುಂಚೆ ಕೆಮ್ಮಿ, "ವಾಚ್‌ಮನ್ ತಾತಾ, ಈಗ ಒಂದ್ ರೌಂಡ್ ಹೊಡ್ಕೊಂಡ್ ಬಾ" ಎನ್ನುವನು. ತಾತ ಒಂದು ದಿನವೂ ರೌಂಡಿಗೆ ಹೋಗಲಿಲ್ಲ.

ಹೀಗೆ ಒಂದೂವರೆ ವರ್ಷ ನಡೆಯಿತು. ಆ ಒಂದೂವರೆ ವರ್ಷದ ಶನಿವಾರಗಳನ್ನು ನೆನೆದರೆ ಈಗಲೂ ಕಾವಾದ ಮಣ್ಣುವಾಸನೆ ಮೂಗಿಗೆ ಬರುತ್ತದೆ. ಅಕ್ಕ ತಮ್ಮ ಇಬ್ಬರೂ ಒಬ್ಬರಿಗೊಬ್ಬರು ಇದ್ದರು, ಒಂದು ಮಾತೂ ಇರಲಿಲ್ಲ.

ಸಿಸಿಲಿಯಾಗೆ ಇಪ್ಪತ್ತೊಂದು ತುಂಬುವ ಹಬ್ಬ ಬಂತು. ಅಂಥ ಹಬ್ಬಕ್ಕೆ ತಂದೆಯ ಅಕ್ಕ ಬರಬೇಕು, ಎಲ್ಲರಿಗಿಂತ ಮೇಲೆ ಕೂರಬೇಕು, ಒಳ್ಳೆಯ ಚಾಪೆ ಅವಳಿಗೇ, ಕೇಕಿನ ಮೇಲಿನ ಅಂತಸ್ತು ಅವಳಿಗೇ. ಕತಲಿನಾ ಗಂಡನನ್ನು ಕೇಳದೆ ಕಾಗದ ಬರೆದಳು. ಲೋಸಲೀನೆ ಬಂದೇಬಿಟ್ಟಳು. ಎತ್ತರದ ಹೆಂಗಸು, ಬಿಗಿಯಾದ ಜಡೆ, ಮಾತಿನಲ್ಲಿ ಟೀಚರಿನ ಗತ್ತು. ಹಬ್ಬ ಚೆನ್ನಾಗಿಯೇ ಆಯಿತು. ಫಿನೀಆಸಿ ಅಕ್ಕನಿಗೆ ಮುಂದಿನ ಕೋಣೆ ಬಿಟ್ಟುಕೊಟ್ಟು, ಎದುರಿಗೆ ಬಂದಾಗಲೆಲ್ಲ ತಲೆ ತಗ್ಗಿಸಿ, "ಊಟ ಆಯ್ತಾ ಅಕ್ಕಾ?" "ಚಳಿ ಆಗ್ತಿದ್ಯಾ ಅಕ್ಕಾ?" ಎಂದಷ್ಟೇ ಕೇಳುತ್ತಿದ್ದ. ತಾಯಿಯ ಹೆಸರನ್ನು ಇಬ್ಬರೂ ಎತ್ತಲಿಲ್ಲ. ಅವಳು ಹೊರಡುವ ಮೊದಲು ಒಂದು ಶನಿವಾರ ಉಳಿದಿತ್ತು.

ಆ ಶನಿವಾರ ಗಂಡಸರು ಎಂದಿನಂತೆ ಬಂದರು. ಅಕ್ಕ ಗ್ಯಾರೇಜಿಗೆ ಬರುವಂತಿಲ್ಲ, ಅದು ಎಲ್ಲರಿಗೂ ಗೊತ್ತು. ಕೀರ್ತನೆಯಾಗಿ ಸ್ವಲ್ಪ ಹೊತ್ತಿಗೆ ನಾನು ನೀರು ತರಲು ಅಂಗಳ ದಾಟಿ ಅಡುಗೆಮನೆಗೆ ಹೋದೆ. ಲೋಸಲೀನೆ ಒಬ್ಬಳೇ ಸಿಸಿಲಿಯಾಳ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು, ಕಿವಿಗೆ ಹೆಡ್‌ಫೋನ್. ಒಂದೂವರೆ ವರ್ಷ ಒತ್ತಿದ ಅದೇ ನಂಬರನ್ನು ಕಣ್ಣುಮುಚ್ಚಿ ಒತ್ತುತ್ತಿದ್ದಳು. ಪರದೆ ಬಿಳಿಯಾಗಿಯೇ ಇತ್ತು. ಮತ್ತೆ ಒತ್ತಿದಳು. ನನ್ನನ್ನು ಕಂಡು ಹೆಡ್‌ಫೋನ್ ತೆಗೆದಳು.

"ಇವತ್ತು ಮತ್ತೆ ಮುಚ್ಚಿದಾನಾ?" ಎಂದಳು. ಟೀಚರಿನ ಗತ್ತು ಆ ದನಿಯಲ್ಲಿರಲಿಲ್ಲ. "ನಾನು ಬಂದಿದೀನಿ ಅಂತ ಮುಚ್ಚಿದಾನಾ?"

ನಾನು ಕೊಡ ಅಲ್ಲೇ ಬಿಟ್ಟು ಓಡಿದೆ. ಫಿನೀಆಸಿಯ ಕಿವಿಯಲ್ಲಿ ಹೇಳಿದೆ. ಅವನು ಮೂಲೆಯ ಸೊನ್ನೆ ನೋಡಿದ. ಅಕ್ಕ ಇಲ್ಲೇ ಇರುವಾಗ ಟೊಂಗಾದಿಂದ ಯಾರು ಬರುತ್ತಾರೆ ಎಂದು ಅವನು ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ನಿಂತಲ್ಲೇ ಅವನಿಗೆ ಅರ್ಥವಾಯಿತು. ಬಾಗಿಲು ತೆರೆದೇ ಇತ್ತು. ಆದರೆ ಆ ರೂಟರ್ ಮನೆಯೊಳಗಿನವರನ್ನು ಹೊರಗಿನ ನಂಬರಿನಿಂದ ಸುತ್ತಿ ಬರಲು ಬಿಡುತ್ತಿರಲಿಲ್ಲ. ಒಳಗೆ ಕೂತವರು ಒಳಗಿನ ನಂಬರನ್ನೇ ಒತ್ತಬೇಕು.

"ಬರ್ಕೊಡು, ನಾನು ಕೊಟ್ಟು ಬರ್ತೀನಿ," ಎಂದು ಕೈಯೊಡ್ಡಿದೆ. ಹಾಗೆ ಮಾಡಿದ್ದರೆ ಯಾರಿಗೂ ಏನೂ ಗೊತ್ತಿಲ್ಲದ ಹಾಗೆಯೇ ಉಳಿಯುತ್ತಿತ್ತು. ವಾಚ್‌ಮನ್ ತಾತನೇ ಗತಿ. ಫಿನೀಆಸಿ ನನ್ನ ಕೈಯನ್ನು ನೋಡಿದ. ಪೆನ್ನು ಹುಡುಕಲಿಲ್ಲ. ತಾನೇ ಅಂಗಳ ದಾಟಿ ನಡೆದ. ನಾನು ಹಿಂದೆ ಹಿಂದೆ ಹೋದೆ.

ಅಡುಗೆಮನೆಯ ಹೊಸ್ತಿಲ ಹೊರಗೇ ನಿಂತ. ತಲೆ ತಗ್ಗಿತ್ತು.

"ಅಕ್ಕಾ," ಎಂದ. "ನಾನು ಮುಚ್ಚಿಲ್ಲ. ನೀನು ಒತ್ತೋ ನಂಬರು ದೂರ ಇರೋರಿಗೆ. ನೀನೀಗ ಮನೇಲಿದೀಯ. ಮನೆಯೋರದ್ದು ಬೇರೆ ಇದೆ, ಒತ್ಕೋ. ನೂರ ತೊಂಬತ್ತೆರಡು, ಚುಕ್ಕಿ."

ಅವಳು ಅವನನ್ನು ನೋಡಲಿಲ್ಲ. ಬೆರಳು ಕೀಲಿಗಳ ಮೇಲೆ ಬಂತು.

"ನೂರ ಅರವತ್ತೆಂಟು, ಚುಕ್ಕಿ. ಒಂದು, ಚುಕ್ಕಿ. ಇಪ್ಪತ್ತು. ಆಮೇಲೆ ಎಂಟು ಸಾವಿರ, ಅದು ಅದೇ." ಅವನು ಉಸಿರೆಳೆದುಕೊಂಡ. "ಅಕ್ಕಾ, ಅವತ್ತು ನನ್ ಹತ್ರ ಕಾಗದ ಇರ್ಲಿಲ್ಲ. ಬಂದಿದ್ರೆ ಮಕ್ಕಳ ಹತ್ರ ವಾಪಸ್ ಬರಕ್ಕಾಗ್ತಿರ್ಲಿಲ್ಲ. ಅದನ್ನ ಹೇಳಕ್ಕೆ ಹೆದರಿ, ಬರ್ತೀನಿ ಅಂದ್ಬಿಟ್ಟೆ. ಮೂರು ಸಲ ಅಂದೆ."

ಲೋಸಲೀನೆಯ ಬೆರಳು ನಿಂತಿತು.

"ಒಂದು ದಿನ ಹೆಚ್ಚಿಗೆ ಅಮ್ಮನ ಪಕ್ಕ ಕೂತಿದ್ದೆ," ಎಂದಳು. "ಎಲ್ಲಾರೂ ಬೈದು ಎದ್ದು ಹೋಗಿದ್ರು. ಅಮ್ಮ, ನಾನು, ಇಬ್ರೇ. ಆ ಒಂದು ದಿನ ಯಾವ ಹೆಣ್ಣುಮಗಳಿಗೂ ಸಿಗಲ್ಲ ಕಣೋ. ನೀನು ಸುಳ್ಳು ಹೇಳಿದ್ದಕ್ಕೆ ನಂಗೆ ಸಿಕ್ತು. ಅದನ್ನ ನಿಂಗೆ ಹೇಳ್ಬೇಕು ಅಂತ ಎಷ್ಟೋ ಸಲ ಫೋನ್ ಹತ್ರ ಹೋಗಿ ವಾಪಸ್ ಬಂದೆ. ಸಿಟ್ಟಿತ್ತು. ಹೋಗು, ನಿನ್ ಜನ ಕಾಯ್ತಿದಾರೆ."

ಅವನು ಹೋದ. ಅವಳು ಹೆಡ್‌ಫೋನಿನ ಒಂದು ಕಿವಿಯನ್ನು ತಿರುಗಿಸಿ ನನ್ನತ್ತ ಹಿಡಿದಳು. ಅವತ್ತು ಗಂಡಸರು ಕಾವಾ ತಾವೇ ಬಗ್ಗಿಸಿಕೊಳ್ಳಲಿ ಎಂದು ನಾನು ಅವಳ ಪಕ್ಕ ಕುರ್ಚಿ ಎಳೆದುಕೊಂಡೆ. ಆ ಯಂತ್ರದಲ್ಲಿ ದನಿ ಅರ್ಧ ನಿಮಿಷ ತಡವಾಗಿ ಬರುತ್ತಿತ್ತು. ಕಿಟಕಿಯಾಚೆ ಗ್ಯಾರೇಜಿನಿಂದ ಹಾಡು ಎದ್ದಿತ್ತು, ಫಿನೀಆಸಿಯದೇ ಗಂಟಲು ಎಲ್ಲಕ್ಕಿಂತ ಮೇಲೆ. ನಮ್ಮ ಕಿವಿಯಲ್ಲಿ ಹಾಡು ಇನ್ನೂ ಶುರುವಾಗಿರಲಿಲ್ಲ. ಚಾಪೆಯ ಮೇಲೆ ಯಾರೋ ಕೂತ ಸದ್ದು, ಮೊಸೆಸೆಯ "ಏನಾಯ್ತೋ?", ಆಮೇಲೆ ಫಿನೀಆಸಿಯ ಸಣ್ಣ ದನಿ, ಮೈಕಿಗೆ ತೀರ ಹತ್ತಿರ:

"ಅಕ್ಕ ಒಳಗೆ ಕೂತು ಕೇಳ್ತಿದಾಳೆ. ಅಮ್ಮನ ಹಾಡು ಎತ್ಕೊಳ್ರೋ."